ಹಗಲು ಕೆರೆಯಲ್ಲಿ, ರಾತ್ರಿ ಹೊಲದಲ್ಲಿ: ಮಾಗಡಿ ಕೆರೆಯ ಸುತ್ತ ಒಂದು ನಡಿಗೆ

(ಫೆಬ್ರವರಿ 2ರ ವಿಶ್ವ ಜೌಗು ಪ್ರದೇಶ ದಿನದಂದು ಗದಗ ಜಿಲ್ಲೆಯ ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಬೆಳಿಗ್ಗೆ ನಿಮ್ಮಲ್ಲಿ ಕೆಲವರು ನನ್ನ ಜೊತೆ ಮಾಗಡಿ ಕೆರೆಗೆ ಬಂದಿದ್ದಿರಿ. ಮುಂದಿನ ಸಾಲಿನಲ್ಲಿ ಕೂತ ಇಬ್ಬರ ಚಪ್ಪಲಿಗೆ ಕೆರೆಯ ಮಣ್ಣು ಇನ್ನೂ ಅಂಟಿಕೊಂಡಿದೆ. ಬರಲು ಆಗದೇ ಇದ್ದವರಿಗಾಗಿ ಆ ನಡಿಗೆಯನ್ನು ಮಾತಿನಲ್ಲೇ ಇನ್ನೊಂದು ಸಲ ಮಾಡೋಣ. ಬಂದವರಿಗೂ ಹೇಳುವುದಿದೆ. ಏಕೆಂದರೆ ಏರಿಯ ಮೇಲೆ ನಿಂತಾಗ ನಾನು ಹೆಚ್ಚು ಮಾತಾಡಲಿಲ್ಲ. ಅಲ್ಲಿ ಮಾತಾಡಬಾರದು.

ಮಾಗಡಿ ಅಂದ ಕೂಡಲೇ ಬೆಂಗಳೂರಿನ ಕಡೆಯವರು ಕೆಂಪೇಗೌಡರ ಮಾಗಡಿ ಅಂದುಕೊಳ್ಳುತ್ತಾರೆ. ಇದು ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗಿನಿಂದ ಸುಮಾರು 26 ಕಿಲೋಮೀಟರ್. ಒಂದು ಕಡೆ ಕಪ್ಪತಗುಡ್ಡದ ಸಾಲು, ಅದರ ಮೇಲೆ ತಿರುಗುವ ಗಾಳಿಯಂತ್ರಗಳು. ಕೆಳಗೆ ಬಯಲು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಒಣ ಸೀಮೆ. ಇಂಥ ಸೀಮೆಯಲ್ಲಿ ಹಿಂದಿನವರು ಮಳೆನೀರು ಹಿಡಿದಿಡಲು ಒಂದು ಏರಿ ಕಟ್ಟಿದರು. ಹಕ್ಕಿಗಾಗಿ ಕಟ್ಟಿದ್ದಲ್ಲ, ಹೊಲಕ್ಕಾಗಿ ಕಟ್ಟಿದ್ದು. ಈ ಮಾತು ನೆನಪಿನಲ್ಲಿರಲಿ, ಮತ್ತೆ ಇದಕ್ಕೇ ಬರುತ್ತೇನೆ.

ಆ ಕೆರೆಯ ವಿಸ್ತೀರ್ಣ 54.38 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ 134 ಎಕರೆ. 2024ರಲ್ಲಿ ಅದು ರಾಮ್ಸಾರ್ ತಾಣ ಆಯಿತು, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಇರಾನಿನ ರಾಮ್ಸಾರ್ ಊರಿನಲ್ಲಿ 1971ರ ಫೆಬ್ರವರಿ 2ರಂದು ಜೌಗು ಪ್ರದೇಶಗಳ ಬಗ್ಗೆ ಒಂದು ಒಪ್ಪಂದ ಆಗಿತ್ತು. ಅದಕ್ಕೇ ಈ ದಿನ, ಅದಕ್ಕೇ ಆ ಹೆಸರು. ಕರ್ನಾಟಕದಲ್ಲಿ ಮೊದಲು ಆ ಪಟ್ಟಿಗೆ ಸೇರಿದ್ದು ರಂಗನತಿಟ್ಟು, 2022ರಲ್ಲಿ. ಆಮೇಲೆ 2024ರಲ್ಲಿ ಒಟ್ಟಿಗೆ ಮೂರು: ನಮ್ಮ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಅಘನಾಶಿನಿ 4,801 ಹೆಕ್ಟೇರ್. ಅದರ ಪಕ್ಕ ಮಾಗಡಿ ಒಂದು ತಟ್ಟೆಯಷ್ಟು. ಆದರೂ ಇಲ್ಲಿ 166 ಜಾತಿಯ ಹಕ್ಕಿಗಳನ್ನು ದಾಖಲಿಸಿದ್ದಾರೆ. ಅದರಲ್ಲಿ 130 ವಲಸೆ ಬರುವಂಥವು.

ಸರಿ, ನಡೆಯೋಣ.

ಆರು ಗಂಟೆಗೆ ಏರಿ ಹತ್ತಿದಾಗ ಇನ್ನೂ ಕತ್ತಲೆ. ಚಳಿ ಚೆನ್ನಾಗಿಯೇ ಇತ್ತು. ನೀರಿನ ಮೇಲೆ ತೆಳ್ಳಗೆ ಮಂಜು. ನೀವು ನೋಡಿದ್ದು ಮೊದಲಿಗೆ ಏನು? ಏನೂ ಇಲ್ಲ, ಅಲ್ವಾ? ನಿಮ್ಮಲ್ಲೊಬ್ಬರು ಪಿಸುಮಾತಿನಲ್ಲಿ ಕೇಳಿದಿರಿ, "ಹಕ್ಕಿ ಎಲ್ಲಿ ಮೇಡಂ?" ನಾಮದ ಕೋಳಿಗಳು ಅಲ್ಲಲ್ಲಿ ತೇಲುತ್ತಿದ್ದವು. ಒಂದು ಗುಳುಮುಳುಕ ಮುಳುಗಿ ಇನ್ನೆಲ್ಲೋ ಎದ್ದಿತು. ಏರಿಯ ಬುಡದ ಬಳ್ಳಾರಿ ಜಾಲಿಯಲ್ಲಿ ಒಂದು ಮಿಂಚುಳ್ಳಿ ಕೂತಿತ್ತು. ಅಷ್ಟೇ. ಸಾವಿರಾರು ಹೆಬ್ಬಾತು ಅಂತ ಹೇಳಿ ಕರೆದುಕೊಂಡು ಬಂದವಳು ಸುಮ್ನೆ ನಿಂತಿದ್ದೆ.

ಆಮೇಲೆ ದನಿ ಬಂತು. ಹಕ್ಕಿ ಕಾಣುವ ಮೊದಲೇ ದನಿ. ಮೂಗಿನಿಂದ ಹೊರಡುವ "ಆಂಗ್, ಆಂಗ್". ದೂರದ ಬಯಲಿನ ಕಡೆಯಿಂದ. ಆಮೇಲೆ ಬೆಳಗಾಗುತ್ತಿದ್ದ ಆಕಾಶದಲ್ಲಿ ಒಂದು ಗೆರೆ. ಗೆರೆ ಹತ್ತಿರ ಬಂದಂತೆ ಎರಡಾಯಿತು, ಹೂಮಾಲೆಯ ಹಾಗೆ ಬಾಗಿತು, ತಲೆ ಮೇಲೆ ಬಂದಾಗ ರೆಕ್ಕೆಯ ಸಪ್ಪಳವೂ ಕೇಳಿತು. ಅದರ ಹಿಂದೆ ಇನ್ನೊಂದು ಸಾಲು. ಇನ್ನೊಂದು. ಕೆರೆಯ ಮೇಲೆ ಬಂದ ಕೂಡಲೇ ಸಾಲು ಮುರಿದು, ಕಾಲು ಚಾಚಿ, ಒಣ ಎಲೆ ಉದುರಿದ ಹಾಗೆ ಅತ್ತಿತ್ತ ಹೊರಳುತ್ತ ಇಳಿದವು. ಅರ್ಧ ಗಂಟೆಯಲ್ಲಿ ಖಾಲಿ ಕೆರೆ ಸಂತೆಯಾಯಿತು.

ಅವು ಪಟ್ಟೆತಲೆ ಹೆಬ್ಬಾತುಗಳು. ಬೂದು ಮೈ, ಬಿಳಿ ತಲೆ. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಕೊಕ್ಕು, ಕಾಲು ಕಿತ್ತಳೆ ಹಳದಿ. ತೂಕ ಎರಡು, ಎರಡೂವರೆ ಕೆ.ಜಿ. ದಕ್ಷಿಣ ಭಾರತದಲ್ಲಿ ಇವು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಚಳಿಗಾಲ ಕಳೆಯುವ ಜಾಗಗಳಲ್ಲಿ ಮಾಗಡಿ ಮುಖ್ಯವಾದದ್ದು.

ಇವುಗಳ ಹುಟ್ಟೂರು ಮಂಗೋಲಿಯಾ, ಟಿಬೆಟ್, ಕಿರ್ಗಿಸ್ತಾನದ ಕಡೆ. ಲಡಾಖಿನ ತ್ಸೋ ಮೊರಿರಿಯಂಥ ಸರೋವರಗಳ ದಡದಲ್ಲೂ ಮರಿ ಮಾಡುತ್ತವೆ. ಅಂದರೆ ನಮ್ಮಲ್ಲಿಗೆ ಬರಬೇಕಾದರೆ ಹಿಮಾಲಯ ದಾಟಲೇಬೇಕು. ವಿಜ್ಞಾನಿಗಳು ಇವುಗಳ ಮೈಗೆ ಪುಟ್ಟ ಉಪಕರಣ ಕಟ್ಟಿ ಹಾದಿ ಹಿಡಿದು ನೋಡಿದ್ದಾರೆ. ದಾಖಲಾದ ಅತಿ ಎತ್ತರ 7,290 ಮೀಟರ್. ಅಲ್ಲಿ ನಾವು ನಾಲ್ಕು ಹೆಜ್ಜೆ ಇಡಲೂ ಏದುಸಿರು ಬಿಡುತ್ತೇವೆ. ಅವು ರೆಕ್ಕೆ ಬಡಿಯುತ್ತ ಹೋಗುತ್ತವೆ. ಹದ್ದಿನ ಹಾಗೆ ರೆಕ್ಕೆ ಚಾಚಿ ತೇಲುವ ಹಕ್ಕಿ ಇದಲ್ಲ. ಹಾರುವಷ್ಟು ಹೊತ್ತೂ ಬಡಿಯಲೇಬೇಕು. ಹೃದಯ ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಮಿಡಿಯುತ್ತದೆ.

ಹೇಗೆ ಸಾಧ್ಯ? ಇವುಗಳ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳದ್ದಕ್ಕಿಂತ ಗಟ್ಟಿಯಾಗಿ ಆಮ್ಲಜನಕ ಹಿಡಿಯುತ್ತದೆ. ಗಾಳಿ ತೆಳುವಾದರೂ ಇದ್ದಷ್ಟನ್ನು ಬಾಚಿಕೊಳ್ಳುತ್ತದೆ. ಇನ್ನೊಂದು ವಿಷಯ ನನಗೆ ಇನ್ನೂ ಇಷ್ಟ. ಮೊದಲೆಲ್ಲ ಇವು ಒಂದೇ ಸಲ ಮೇಲೇರಿ, ಅದೇ ಎತ್ತರದಲ್ಲಿ ನೇರವಾಗಿ ಹೋಗುತ್ತವೆ ಅಂದುಕೊಂಡಿದ್ದರು. ಹಾಗಲ್ಲವಂತೆ. ಗುಡ್ಡ ಬಂದಾಗ ಏರುತ್ತವೆ, ಕಣಿವೆ ಬಂದಾಗ ಇಳಿಯುತ್ತವೆ. ಕಷ್ಟಪಟ್ಟು ಏರಿದ ಎತ್ತರವನ್ನು ಬಿಟ್ಟುಕೊಟ್ಟು ಕೆಳಗಿನ ದಪ್ಪ ಗಾಳಿಗೆ ಬರುವುದೇ ಅವಕ್ಕೆ ಉಳಿತಾಯ. ರಾತ್ರಿ ಮತ್ತು ಮುಂಜಾನೆ ಹಾರುವುದು ಜಾಸ್ತಿ. ಆಗ ಗಾಳಿ ತಂಪು, ದಪ್ಪ, ಶಾಂತ. ವಸಂತದಲ್ಲಿ ವಾಪಸ್ ಹೋಗುವಾಗ ತಪ್ಪಲಿನ ಬಯಲಿನಿಂದ ಹೊರಟು ಸುಮಾರು ಎಂಟು ಗಂಟೆಯಲ್ಲಿ ಟಿಬೆಟ್ ಪ್ರಸ್ಥಭೂಮಿ ಮುಟ್ಟಿದ ದಾಖಲೆ ಇದೆ.

ಮಳೆಗಾಲ ಬಂದರೆ ಹಂಸಗಳು ಮಾನಸ ಸರೋವರಕ್ಕೆ ಹಾರುತ್ತವೆ ಎಂಬ ಮಾತು ನಮ್ಮ ಹಳೆಯ ಕಾವ್ಯಗಳಲ್ಲಿ ಬರುತ್ತದಲ್ಲ? ಆ ಹಂಸ ಈ ಪಟ್ಟೆತಲೆ ಹೆಬ್ಬಾತೇ ಇರಬೇಕು ಅಂತ ಹೇಳುವವರಿದ್ದಾರೆ. ನನಗೂ ಹಾಗೇ ಅನಿಸುತ್ತದೆ. ಚಿತ್ರದಲ್ಲಿ ನಾವು ಬರೆಯುವ ಉದ್ದ ಕತ್ತಿನ ಬಿಳಿ ಹಂಸ ನಮ್ಮ ನೆಲಕ್ಕೆ ಬರುವುದೇ ಬಲು ಅಪರೂಪ. ನಿಜವಾಗಿ ಮಾನಸ ಸರೋವರದ ಸೀಮೆಯಿಂದ ಬಂದು ನಮ್ಮ ಕೆರೆಯಲ್ಲಿ ಇಳಿಯುವುದು ಇದು.

ಈಗ ನಾನು ನಿಜಕ್ಕೂ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಅದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಎಷ್ಟೋ ವರ್ಷದ ಹಿಂದೆ ಮೊದಲ ಸಲ ಮಾಗಡಿಗೆ ಹೋದಾಗ ಕೈಯಲ್ಲಿ ಹೊಸ ಕ್ಯಾಮೆರಾ ಇತ್ತು. ಒಂಬತ್ತು ಗಂಟೆಯ ಹೊತ್ತು. ಹೆಬ್ಬಾತುಗಳೆಲ್ಲ ದಡದ ಕೆಸರಿನ ಮೇಲೆ, ಕತ್ತು ಬೆನ್ನಿಗೆ ಹಚ್ಚಿ ಕೂತಿದ್ದವು. ಅಲ್ಲೊಂದು ಇಲ್ಲೊಂದು ಮಾತ್ರ ತಲೆ ಎತ್ತಿ ಕಾವಲು ನಿಂತಿತ್ತು. ಇನ್ನೂ ಹತ್ತಿರದ ಫೋಟೋ ಬೇಕು ಅಂತ ಏರಿ ಇಳಿದು ನೀರಿನ ಕಡೆ ನಡೆದೆ. ಕಾವಲಿದ್ದ ಒಂದು ಹಕ್ಕಿ ಕೂಗಿತು. ಅಷ್ಟೇ, ಇಡೀ ಹಿಂಡು ಎದ್ದಿತು. ಕೆರೆಯ ಮೇಲೆ ಸುತ್ತು ಹಾಕಿ ಹಾಕಿ, ಇಳಿಯಲು ಬಂದು ಮತ್ತೆ ಎದ್ದು, ತುಂಬಾ ಹೊತ್ತು ಹಾರಾಡಿದವು. ನನಗೆ ಒಳ್ಳೆಯ ಫೋಟೋ ಸಿಕ್ಕಿತು ಅಂತ ಖುಷಿ.

ಏರಿಯ ಮೇಲೆ ಒಬ್ಬ ಅಜ್ಜ ಎಮ್ಮೆ ಹೊಡೆದುಕೊಂಡು ನಿಂತಿದ್ದರು. ನಾನು ಮೇಲೆ ಬಂದ ಮೇಲೆ ಮೆಲ್ಲಗೆ ಕೇಳಿದರು.

"ತಂಗಿ, ನಿಮ್ಮ ಮನ್ಯಾಗ ಮಲಗಿದವ್ರನ್ನ ಹಿಂಗ ಎಬ್ಬಸ್ತೀರೇನು?"

ನನಗೆ ಅರ್ಥವಾಗಲಿಲ್ಲ.

"ರಾತ್ರಿಯೆಲ್ಲಾ ನಮ್ಮ ಹೊಲದಾಗ ಮೇದು ಬಂದಾವ. ಇದು ಅವು ಮಲಗೂ ಹೊತ್ತು. ಹಗಲ ಕೆರ್ಯಾಗ, ರಾತ್ರಿ ಹೊಲದಾಗ. ನಿಮಗ ಇಷ್ಟೂ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಆ ಫೋಟೋವನ್ನು ನಾನು ಇವತ್ತಿಗೂ ಯಾರಿಗೂ ತೋರಿಸುವುದಿಲ್ಲ.

ಅಜ್ಜನೇ ಆವತ್ತು ನನ್ನನ್ನು ಕೆರೆಯ ಆಚೆಗಿನ ಹೊಲಕ್ಕೆ ಕರೆದುಕೊಂಡು ಹೋದರು. ಶೇಂಗಾ ಕಿತ್ತಾಗಿದ್ದ ಹೊಲ. ಪಕ್ಕದಲ್ಲಿ ಎಳೆ ಗೋಧಿ. ಅಲ್ಲಿ ಬೆರಳು ಗಾತ್ರದ, ಹಸಿರು ಹೊಸೆದ ಹುರಿಯಂಥ ಹಿಕ್ಕೆಗಳು ಬಿದ್ದಿದ್ದವು. ಒಂದನ್ನು ಮುರಿದು ತೋರಿಸಿದರು. ಒಳಗೆ ಹುಲ್ಲಿನ ನಾರು ಹಾಗೇ ಇತ್ತು. ಹೆಬ್ಬಾತಿಗೆ ಎಮ್ಮೆಯ ಹಾಗೆ ಮೆಲುಕು ಹಾಕುವ ಹೊಟ್ಟೆ ಇಲ್ಲ. ತಿಂದ ಹಸಿರಿನಲ್ಲಿ ಸ್ವಲ್ಪ ಮಾತ್ರ ಅರಗುತ್ತದೆ, ಉಳಿದದ್ದು ಬೇಗ ಹೊರಗೆ ಹೋಗುತ್ತದೆ. ಹಾಗಾಗಿ ಗಂಟೆಗಟ್ಟಲೆ ಮೇಯಲೇಬೇಕು. ಅವು ಮೀನು ಹಿಡಿಯುವ ಹಕ್ಕಿಯಲ್ಲ, ಕೆರೆಯೊಂದೇ ಅವುಗಳ ಹೊಟ್ಟೆ ತುಂಬಿಸುವುದಿಲ್ಲ. ಕಿತ್ತ ಹೊಲದಲ್ಲಿ ಉಳಿದ ಶೇಂಗಾ ಕಾಯಿ, ಗೋಧಿಯ ಎಳೆ ಗರಿ, ಕಡಲೆ ಗಿಡ, ಬದುವಿನ ಹುಲ್ಲು. ಇದು ಅವುಗಳ ಊಟ.

"ನಿಮ್ಮ ಬೆಳಿ ಹಾಳಾಗೂದಿಲ್ಲೇನ್ರಿ ಅಜ್ಜಾರ?" ಅಂತ ಕೇಳಿದೆ.

"ತಿಂತಾವ. ಒಂದೊಂದು ಸಲ ಸಿಟ್ಟೂ ಬರ್ತೈತಿ. ಆದ್ರ ಗೊಬ್ಬರಾನೂ ಹಾಕಿ ಹೋಗ್ತಾವ ತಂಗಿ. ಅಷ್ಟು ದೂರದಿಂದ ಬಂದಾವ, ಉಪವಾಸ ಹೆಂಗ ಕಳಸೂದು?"

ಈ ಮಾತು ಕೇಳಿ ನಾವು ರೈತರನ್ನು ಹೊಗಳಿ ಸುಮ್ಮನಾಗಿಬಿಡುತ್ತೇವೆ. ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಯೋಚಿಸಿ ನೋಡಿ. ನಕ್ಷೆಯಲ್ಲಿ ಗೆರೆ ಎಳೆದು ನಾವು ಕಾಪಾಡಿರುವುದು 134 ಎಕರೆ. ಅದು ಹೆಬ್ಬಾತಿನ ಮಲಗುವ ಕೋಣೆ ಮಾತ್ರ. ಅಡುಗೆಮನೆ ಗೆರೆಯ ಹೊರಗಿದೆ. ಅದಕ್ಕೆ ಯಾವ ಬೋರ್ಡೂ ಇಲ್ಲ, ಕಾವಲುಗಾರರೂ ಇಲ್ಲ. ಅದು ಯಾರದೋ ಮೂರು ಎಕರೆ, ಯಾರದೋ ಐದು ಎಕರೆ. ಕೆರೆಯನ್ನು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಆ ಹೊಲಗಳಲ್ಲಿ ಬೆಳೆ ಬದಲಾದರೆ, ಮೇವು ಸಿಗದಿದ್ದರೆ, ಹೆಬ್ಬಾತು ಕೆರೆಗೆ ಯಾಕೆ ಬರಬೇಕು?

ಬಿತ್ತನೆ ಬೀಜಕ್ಕೆ ವಿಷದ ಪುಡಿ ಹಚ್ಚುತ್ತೇವೆ. ಹೊಲದಲ್ಲಿ ಚೆಲ್ಲಿದ ಬೀಜ ಹಕ್ಕಿಯ ಹೊಟ್ಟೆಗೂ ಹೋಗಬಹುದು. ಕೆರೆಗೂ ಹೊಲಕ್ಕೂ ನಡುವೆ ಕರೆಂಟಿನ ತಂತಿ ಎಳೆಯುತ್ತೇವೆ. ಮುಸ್ಸಂಜೆ ಹೋಗಿ, ಮಸುಕಿನಲ್ಲಿ ವಾಪಸ್ ಬರುವ, ತೂಕದ ಹಕ್ಕಿ ಅದು. ಗುಬ್ಬಿಯ ಹಾಗೆ ತಟಕ್ಕನೆ ಪಕ್ಕಕ್ಕೆ ತಿರುಗಲು ಆಗುವುದಿಲ್ಲ. ತಂತಿ ಹಾಕಲೇಬಾರದು ಅಂತ ನಾನು ಹೇಳುತ್ತಿಲ್ಲ. ಹಕ್ಕಿಯ ದಾರಿ ಯಾವುದು ಅಂತ ಊರವರನ್ನು ಒಂದು ಮಾತು ಕೇಳಿ ಹಾಕಿ, ಅಥವಾ ದೂರಕ್ಕೂ ಕಾಣುವ ಗುರುತು ತೂಗುಹಾಕಿ ಅಂತ ಹೇಳುತ್ತಿದ್ದೇನೆ. ಬೆಳೆ ಹೆಚ್ಚು ಹಾನಿಯಾದ ರೈತರಿಗೆ ಪರಿಹಾರ ಸುಲಭವಾಗಿ ಸಿಗಬೇಕು. ಪರಿಹಾರ ಬೇಗ ಸಿಕ್ಕರೆ ಅಜ್ಜನಂಥವರ ಸಿಟ್ಟು ಸಿಟ್ಟಾಗಿಯೇ ಉಳಿಯುತ್ತದೆ, ಹಕ್ಕಿ ಓಡಿಸುವ ಪಟಾಕಿ ಆಗುವುದಿಲ್ಲ.

ನಡಿಗೆಗೆ ವಾಪಸ್ ಬರುತ್ತೇನೆ. ಏರಿಯ ತೂಬಿನ ಹತ್ತಿರ ನಿಂತಾಗ ನಾವು ಬೇರೆ ಹಕ್ಕಿಗಳನ್ನೂ ನೋಡಿದೆವು. ಸೂಜಿಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಬಾತು, ಗೇರು ಬಣ್ಣದ ಒಂದು ಜೋಡಿ ಚಕ್ರವಾಕ. ಆಳವಿಲ್ಲದ ಕಡೆ ಬಣ್ಣದ ಕೊಕ್ಕರೆಗಳು ಬಾಯಿ ತೆರೆದು ನೀರಲ್ಲಿ ಕೊಕ್ಕು ಆಡಿಸುತ್ತಿದ್ದವು. ಅವು ಕಣ್ಣಿನಿಂದ ಮೀನು ಹುಡುಕುವುದಕ್ಕಿಂತ ಕೊಕ್ಕಿನ ಸ್ಪರ್ಶದಿಂದ ಹಿಡಿಯುವುದೇ ಹೆಚ್ಚು. ಒಂದು ಹಾವಕ್ಕಿ ಒಣಗಿದ ಜಾಲಿಯ ಮೇಲೆ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿತ್ತು. ಮೇಲೆ ಒಂದೇ ಒಂದು ನದಿ ರೀವ (ಇಂಗ್ಲಿಷಿನ ರಿವರ್ ಟರ್ನ್) ಹಾದುಹೋಯಿತು. ನಿಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಲಿಲ್ಲ, ಹೆಬ್ಬಾತು ನೋಡುತ್ತಿದ್ದಿರಿ. ಪರವಾಗಿಲ್ಲ. ಆದರೆ ಒಂದು ಮಾತು. ಪಟ್ಟೆತಲೆ ಹೆಬ್ಬಾತು ಜಗತ್ತಿನಲ್ಲಿ ಅಳಿವಿನ ಅಂಚಿಗೆ ಬಂದಿಲ್ಲ. ನದಿ ರೀವ ಮತ್ತು ಕೆಂದಲೆ ಬಾತು ಅಪಾಯದ ಪಟ್ಟಿಯಲ್ಲಿವೆ. ಮಾಗಡಿಯ ಹಕ್ಕಿಗಳಲ್ಲಿ ಜಗತ್ತು ಕಳೆದುಕೊಳ್ಳಬಹುದಾದವು ಇವು. ರೀವ ಗೂಡು ಕಟ್ಟುವುದು ಮರಳ ದಿಬ್ಬಗಳ ಮೇಲೆ. ನಮ್ಮ ನದಿಗಳಲ್ಲಿ ಮರಳು ಎಲ್ಲಿ ಉಳಿದಿದೆ ಹೇಳಿ?

ಆಮೇಲೆ ನಾವು ಏರಿ ಬಿಟ್ಟು ಕೆರೆಯ ಹಿಂಬದಿಗೆ ನಡೆದೆವು, ನೀರು ತೆಳ್ಳಗೆ ಹರಡಿ ಮಣ್ಣಾಗುವ ಕಡೆಗೆ. ಅಲ್ಲಿ ಒಬ್ಬ ಹುಡುಗ ಕೇಳಿದ, "ಇಲ್ಲಿ ಹೂಳು ತೆಗೆದರೆ ನೀರು ಜಾಸ್ತಿ ನಿಲ್ಲುತ್ತಲ್ವಾ?" ಒಳ್ಳೆಯ ಪ್ರಶ್ನೆ. ನಿಲ್ಲುತ್ತದೆ. ರೈತರಿಗೂ ಬೇಕು, ಅಂತರ್ಜಲಕ್ಕೂ ಬೇಕು. ಕೆರೆ ಬತ್ತಿದರೆ ಹಕ್ಕಿಗೂ ಇಲ್ಲ, ನಮಗೂ ಇಲ್ಲ. ಆದರೆ ಹೂಳೆತ್ತುವುದು ಅಂದರೆ ಈಗ ಜೆಸಿಬಿ ತಂದು ಇಡೀ ಕೆರೆಯನ್ನು ಬಾಣಲೆಯ ಹಾಗೆ ತೋಡುವುದು ಅಂತಾಗಿದೆ. ಸುತ್ತ ಗೋಡೆಯಂಥ ಅಂಚು, ನಡುವೆ ಒಂದೇ ಆಳ. ಅಂಥ ಕೆರೆಯಲ್ಲಿ ನೀರಿರುತ್ತದೆ, ಕೊಕ್ಕರೆ ಇರುವುದಿಲ್ಲ. ಕೊಕ್ಕರೆಗೆ ಮೊಣಕಾಲುದ್ದ ನೀರು ಬೇಕು. ಗೊರವ, ಉಲ್ಲಂಕಿಯಂಥ ಪುಟ್ಟವಕ್ಕೆ ಬೆರಳುದ್ದ ನೀರು, ಮೆತ್ತಗಿನ ಕೆಸರು ಬೇಕು. ಹೆಬ್ಬಾತಿಗೆ ನೀರಿನ ಅಂಚಿನಲ್ಲಿ ಬಟ್ಟಬಯಲಾದ ದಡ ಬೇಕು. ನಾಯಿ, ನರಿ ಬಂದರೆ ದೂರದಿಂದಲೇ ಕಾಣಬೇಕು, ಎರಡು ಹೆಜ್ಜೆಯಲ್ಲಿ ನೀರಿಗೆ ಇಳಿಯುವಂತಿರಬೇಕು.

ಹಿಂದೆ ಊರವರು ಬೇಸಿಗೆಯಲ್ಲಿ ಚಕ್ಕಡಿ ಹೂಡಿ ಕೆರೆಮಣ್ಣು ಹೊಲಕ್ಕೆ ಹೊಡೆಯುತ್ತಿದ್ದರು. ಅವರವರಿಗೆ ಬೇಕಾದಷ್ಟು, ಅಲ್ಲೊಂದು ಇಲ್ಲೊಂದು ಕಡೆ. ಕೆರೆಯ ಇಳಿಜಾರು ಹಾಗೇ ಉಳಿಯುತ್ತಿತ್ತು. ಯಂತ್ರ ಬಂದರೂ ಆ ಕ್ರಮ ಬಿಡಬೇಕಾಗಿಲ್ಲ. ಏರಿಯ ಕಡೆ ಆಳ ಮಾಡಿ, ಹಿಂಬದಿಯ ಇಳಿಜಾರು ಮುಟ್ಟಬೇಡಿ. ಕೆರೆ ಅಂಚಿಗೆ ಕಲ್ಲು ಕಟ್ಟಿ ವಾಕಿಂಗ್ ಟ್ರ್ಯಾಕ್ ಮಾಡಬೇಡಿ. ದಡದ ಸುತ್ತ ಸಾಲುಮರ ನೆಡುವುದೂ ಎಲ್ಲ ಕೆರೆಗೂ ಒಳ್ಳೆಯದಲ್ಲ. ಅಂಕಸಮುದ್ರದಲ್ಲಿ ನೀರಲ್ಲೇ ನಿಂತ ಜಾಲಿಮರಗಳ ಮೇಲೆ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ, ಅಲ್ಲಿ ಮರವೇ ಮನೆ. ಮಾಗಡಿಯ ಹೆಬ್ಬಾತಿಗೆ ಬಯಲೇ ಮನೆ. ಒಂದು ಕೆರೆಯ ಮದ್ದನ್ನು ಇನ್ನೊಂದಕ್ಕೆ ಕೊಡಬಾರದು.

ಕಾನೂನಿನ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಮಾಗಡಿ ಕೆರೆ ಅಭಯಾರಣ್ಯವಲ್ಲ, ಸಂರಕ್ಷಣಾ ಮೀಸಲು. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಈ ದಾರಿ ತೆರೆಯಿತು. ಸರ್ಕಾರದ ಜಾಗವನ್ನು ಸುತ್ತಲಿನ ಜನರ ಜೊತೆ ಮಾತಾಡಿ ಕಾಪಾಡುವ ವ್ಯವಸ್ಥೆ ಇದು. ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರಿಗೂ ಜಾಗ ಇದೆ. ಹಾಗಾಗಿ ಹೂಳು, ತಂತಿ, ಪರಿಹಾರ, ಈ ಮೂರನ್ನೂ ಎತ್ತಲು ನಿಮಗೆ ಒಂದು ಬಾಗಿಲು ಇದೆ. ಈ ಸಭೆಯಲ್ಲಿ ಪಂಚಾಯಿತಿ ಸದಸ್ಯರೂ ಕೆಲವರು ಕೂತಿದ್ದೀರಿ, ಅದಕ್ಕೇ ಹೇಳಿದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತಿದ್ದೇನೆ.

ಒಬ್ಬ ಶಿಕ್ಷಕರು ಹಕ್ಕಿಜ್ವರದ ಬಗ್ಗೆ ಕೇಳಿದರು. ಭಯ ಸಹಜ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಸಾವಿರಾರು ಹಕ್ಕಿಗಳು ಸತ್ತವು. ಸತ್ತವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳೇ. ಅಲ್ಲಿನ ರೋಗ ಅವಕ್ಕೇ ದೊಡ್ಡ ಪೆಟ್ಟು ಕೊಟ್ಟಿತ್ತು. ನಾವು ಮಾಡಬೇಕಾದ್ದು ಇಷ್ಟು: ಕೆರೆಯಲ್ಲಾಗಲಿ ಹೊಲದಲ್ಲಾಗಲಿ ಸತ್ತ ಹಕ್ಕಿ ಕಂಡರೆ ಕೈಯಿಂದ ಮುಟ್ಟಬೇಡಿ. ಅರಣ್ಯ ಇಲಾಖೆಗೆ, ಪಶುವೈದ್ಯರಿಗೆ ತಕ್ಷಣ ತಿಳಿಸಿ. ಮನೆಯ ಕೋಳಿಗಳನ್ನು ಕೆರೆಯ ದಡದಲ್ಲಿ ಮೇಯಲು ಬಿಡಬೇಡಿ.

ಇನ್ನೊಂದು, ಎಂಟನೇ ತರಗತಿಯ ಹುಡುಗಿಯದು. ಅವಳ ಅಪ್ಪನ ಹೊಲ ಮಾಗಡಿ ಹತ್ತಿರವೇ ಇದೆ. "ಮರಿಗಳಿಗೆ ನಮ್ಮ ಹೊಲದ ದಾರಿ ಹೇಗೆ ಗೊತ್ತಾಗುತ್ತೆ?"

ಹೆಬ್ಬಾತುಗಳಲ್ಲಿ ಆ ವರ್ಷ ಹುಟ್ಟಿದ ಮರಿಗಳು ಅಪ್ಪ ಅಮ್ಮನ ಜೊತೆಗೇ ಮೊದಲ ಪ್ರಯಾಣ ಮಾಡುತ್ತವೆ. ಚಳಿಗಾಲವನ್ನೂ ಒಟ್ಟಿಗೇ ಕಳೆಯುತ್ತವೆ. ಯಾವ ಕಣಿವೆಯಲ್ಲಿ ತಿರುಗಬೇಕು, ಯಾವ ಕೆರೆಯಲ್ಲಿ ಇಳಿಯಬೇಕು, ಯಾವ ಹೊಲದಲ್ಲಿ ಮೇಯಬೇಕು, ಎಲ್ಲವನ್ನೂ ಹಾಗೆ ನೋಡಿ ನೋಡಿ ಕಲಿಯುತ್ತವೆ. ತಲೆಯ ಪಟ್ಟೆ ಸರಿಯಾಗಿ ಮೂಡದ, ಮಾಸಲು ಬಣ್ಣದ ಹಕ್ಕಿ ಕಂಡರೆ ಅದು ಮರಿ. ನಿನ್ನ ಹೊಲವನ್ನು ಮೊದಲ ಸಲ ನೋಡುತ್ತಿದೆ.

ಅವಳಿಗೆ ಇನ್ನೊಂದು ಕೆಲಸವನ್ನೂ ಹೇಳಿದ್ದೇನೆ. ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳ ಕತ್ತಿಗೆ ಬಣ್ಣದ ಪಟ್ಟಿ ಹಾಕಿ ಬಿಡುತ್ತಾರೆ, ಮೇಲೆ ಅಕ್ಷರ, ಅಂಕಿ ಇರುತ್ತದೆ. ಅಂಥ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಹೊಲದ ಬದುವಿನಲ್ಲಿ ಸದ್ದಿಲ್ಲದೆ ಕೂತು, ಅಪ್ಪನ ಜೊತೆ, ದುರ್ಬೀನಿನಲ್ಲಿ ಕತ್ತು ನೋಡು. ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ, ತಾರೀಕು, ಹೊಲದ ಬೆಳೆ, ನಾಲ್ಕನ್ನೂ ಬರೆದಿಡು. ನನ್ನ ಹಳೆಯ ದುರ್ಬೀನು ಅವಳ ಹತ್ತಿರ ಇದೆ. ಮಾರ್ಚಿನಲ್ಲಿ ಹಕ್ಕಿಗಳು ಹೊರಟ ಮೇಲೆ ವಾಪಸ್ ಕೊಡುತ್ತೇನೆ ಅಂದಿದ್ದಾಳೆ.